ಕೇರಳದ ಕಥೋಲಿಕ ಸಮುದಾಯ ಮತ್ತು ಪಕ್ಷನಿಷ್ಠೆ: ವಿಮೋಚನಾ ಸಮರದ ಹಿಂದುಮುಂದು

ಪೀಠಿಕೆ

ಕನ್ನಡದಲ್ಲಿ ‘ಮತ’ ಎಂಬ ಒಂದೇ ಶಬ್ದವು ಧರ್ಮಶ್ರದ್ಧೆಗೂ ಚುನಾವಣೆಯಲ್ಲಿ ಚಲಾಯಿಸುವ ಓಟಿಗೂ ಸಲ್ಲುತ್ತದೆ. ಈ ಎರಡರ ನಡುವಣ ಸಂಬಂಧ ಇತಿಹಾಸದಲ್ಲಿ ಎಂದೂ ಸರಳವಾಗಿರಲಿಲ್ಲ. ಸ್ವತಂತ್ರ ಭಾರತದಲ್ಲಿ ಈ ಸಂಬಂಧ ಬಹಳ ತೀವ್ರವಾಗಿ ಪರೀಕ್ಷೆಗೆ ಒಳಗಾದುದು ಕೇರಳದ ಕಥೋಲಿಕ ಸಮುದಾಯದಲ್ಲಿ. 1957ರ ಕಮ್ಯುನಿಸ್ಟ್ ಸರ್ಕಾರ, 1959ರ ‘ವಿಮೋಚನಾ ಸಮರ’ ಹಾಗೂ ಆ ಸರ್ಕಾರದ ವಜಾ ಕುರಿತ ಬರಹಗಳಲ್ಲಿ ಒಂದು ಅಭಿಪ್ರಾಯ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಧರ್ಮಾಧ್ಯಕ್ಷರು ಆಜ್ಞಾಪಿಸಿದರು, ಭಕ್ತರು ಪಾಲಿಸಿದರು, ಸರ್ಕಾರ ಉರುಳಿತು ಎಂಬುದೇ ಆ ಅಭಿಪ್ರಾಯ. ಇದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಯಾರನ್ನು ವಿರೋಧಿಸಬೇಕೆಂದು ಹೇಳುವ ಶಕ್ತಿ ಧರ್ಮಸಭೆಗೆ ಇತ್ತು. ಯಾರಿಗೆ ಶಾಶ್ವತವಾಗಿ ನಿಷ್ಠರಾಗಿರಬೇಕೆಂದು ವಿಧಿಸುವ ಶಕ್ತಿ ಅದಕ್ಕೆ ಎಂದೂ ಇರಲಿಲ್ಲ. ಆ ನಿಷ್ಠೆ ರೂಪುಗೊಂಡದ್ದು ಶಾಲೆ, ಭೂಮಿ ಮತ್ತು ಬೆಳೆಗಳ ಸುತ್ತ. ಈ ಮೂರರ ಹಿತಗಳು ಒಂದಾಗಿದ್ದಾಗ ಸಮುದಾಯ ಒಂದಾಗಿ ನಿಂತಿತು. ಅವು ಬೇರೆಯಾದಾಗ ಒಡೆಯಿತು. ಪ್ರಸ್ತುತ ಪ್ರಬಂಧವು ಈ ಪ್ರಕ್ರಿಯೆಯನ್ನು 1945ರಿಂದ ಅನುಸರಿಸುತ್ತದೆ.

ಈ ವಿಷಯ ಕನ್ನಡಿಗರಿಗೆ ತೀರ ಹೊರಗಿನದಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. 1957ರಲ್ಲಿ ಕೇರಳದ ಪ್ರಥಮ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಅವರು ಆಯ್ಕೆಯಾದುದು ಅದೇ ತಾಲೂಕಿಗೆ ಸೇರಿದ್ದ ನೀಲೇಶ್ವರದಿಂದ. ಅದೇ ಚುನಾವಣೆಯಲ್ಲಿ ಮಂಜೇಶ್ವರದಿಂದ ಕನ್ನಡಿಗರ ಪ್ರತಿನಿಧಿಯಾಗಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ತಿರುವಾಂಕೂರಿನಿಂದ ಹೊರಟ ಕಥೋಲಿಕ ರೈತರ ವಲಸೆ ಮಲಬಾರನ್ನು ದಾಟಿ ಬೆಳ್ತಂಗಡಿ ಮತ್ತು ಪುತ್ತೂರು ತಾಲೂಕುಗಳನ್ನೂ ಮಲೆನಾಡನ್ನೂ ಮುಟ್ಟಿತು. 1999ರಲ್ಲಿ ತಲಶ್ಶೇರಿಯಿಂದ ಬೇರ್ಪಟ್ಟ ಬೆಳ್ತಂಗಡಿ ಮತ್ತು 2007ರಲ್ಲಿ ಸ್ಥಾಪಿತವಾದ ಭದ್ರಾವತಿ ಸಿರೋ ಮಲಬಾರ್ ಧರ್ಮಪ್ರಾಂತ್ಯಗಳು ಆ ವಲಸೆಯ ಫಲಗಳು.

ಸಮುದಾಯದ ಒಳರಚನೆ

ಕೇರಳದ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ 1950ರ ದಶಕದಲ್ಲಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚಾಗಿತ್ತು. ಅವರಲ್ಲಿ ಬಹುಸಂಖ್ಯಾತರು ಕಥೋಲಿಕರು. ಆದರೆ ‘ಕಥೋಲಿಕ’ ಎಂಬ ಹೆಸರು ಏಕರೂಪದ ಜನಸಮೂಹವನ್ನು ಸೂಚಿಸುವುದಿಲ್ಲ. ಸಂತ ತೋಮಸರ ಪರಂಪರೆಯನ್ನು ಹೇಳಿಕೊಳ್ಳುವ ಸಿರಿಯನ್ ಕಥೋಲಿಕರು ಬಹುಮಟ್ಟಿಗೆ ಭೂಹಿಡುವಳಿದಾರರು, ವರ್ತಕರು ಮತ್ತು ವಿದ್ಯಾವಂತ ವೃತ್ತಿಗಳಲ್ಲಿದ್ದವರು. ಪೋರ್ಚುಗೀಸರ ಕಾಲದ ಮತಪ್ರಚಾರದಿಂದ ಬಂದ ಲ್ಯಾಟಿನ್ ಕಥೋಲಿಕರಲ್ಲಿ ಹೆಚ್ಚಿನವರು ಕರಾವಳಿಯ ಬೆಸ್ತರು ಮತ್ತು ಕೂಲಿಕಾರರು. ಸಿರಿಯನ್ ಕಥೋಲಿಕರಿಗೆ ತಮ್ಮದೇ ಆದ ಪೂರ್ಣ ಧರ್ಮಾಧ್ಯಕ್ಷ ಶ್ರೇಣಿ ದೊರೆತದ್ದು 1923ರಲ್ಲಿ, ಎರ್ಣಾಕುಳಂ ಮಹಾಧರ್ಮಪ್ರಾಂತ್ಯವಾದಾಗ. ಪೂಜಾವಿಧಿ, ಆಡಳಿತ, ವಿವಾಹಸಂಬಂಧ ಎಲ್ಲದರಲ್ಲೂ ಈ ಎರಡು ವರ್ಗಗಳು ಬೇರೆಯಾಗಿದ್ದವು. ರೋಮಿಗೆ ಸಲ್ಲಿಸುವ ವಿಧೇಯತೆ ಸಮಾನವಾಗಿದ್ದರೂ ಹೊಲ, ದೋಣಿ, ತೋಟ ಮತ್ತು ಅಂಗಡಿಗಳ ಹಿತಗಳು ಸಮಾನವಾಗಿರಲಿಲ್ಲ.

ರಾಜಕೀಯ ಪ್ರಜ್ಞೆಯ ದೃಷ್ಟಿಯಿಂದ ಸಿರಿಯನ್ ಕಥೋಲಿಕರು ಬಹಳ ಮುಂಚೆಯೇ ಜಾಗೃತರಾದವರು. 1887ರಲ್ಲಿ ಮಾನ್ನಾನಂನಲ್ಲಿ ‘ನಸ್ರಾಣಿ ದೀಪಿಕಾ’ ಪತ್ರಿಕೆ ಆರಂಭವಾಯಿತು. ತಿರುವಾಂಕೂರಿನ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಪಾಲು ಕೇಳಿದ 1891ರ ‘ಮಲಯಾಳಿ ಮೆಮೋರಿಯಲ್’ ಮನವಿಯಲ್ಲಿ ನಾಯರರು, ಈಳವರು ಮತ್ತು ಕ್ರೈಸ್ತರು ಜೊತೆಯಾಗಿದ್ದರು. 1930ರ ದಶಕದ ನಿವರ್ತನ ಚಳವಳಿಯಲ್ಲಿ ಕ್ರೈಸ್ತರು ಈಳವರು ಹಾಗೂ ಮುಸಲ್ಮಾನರೊಡನೆ ಸೇರಿ ಶಾಸನಸಭೆಯಲ್ಲಿ ಪ್ರಾತಿನಿಧ್ಯಕ್ಕಾಗಿ ಹೋರಾಡಿದರು. ಸಮುದಾಯದ ಹಿತಕ್ಕಾಗಿ ಅನ್ಯರೊಡನೆ ಕೈಜೋಡಿಸುವುದು, ಹಿತ ಬದಲಾದಾಗ ಜೊತೆಗಾರರನ್ನು ಬದಲಿಸುವುದು, ಈ ರೂಢಿ ಕಮ್ಯುನಿಸ್ಟ್ ಪಕ್ಷ ಕೇರಳದಲ್ಲಿ ಹುಟ್ಟುವುದಕ್ಕೆ ಮೊದಲೇ ಬೇರುಬಿಟ್ಟಿತ್ತು ಎಂಬುದು ಗಮನಾರ್ಹ.

1945ರ ಸಂಘರ್ಷ

ಶಾಲೆಯ ವಿಷಯದಲ್ಲಿ ಧರ್ಮಸಭೆಗೂ ಸರ್ಕಾರಕ್ಕೂ ಮೊದಲ ದೊಡ್ಡ ಸಂಘರ್ಷ ನಡೆದದ್ದು ಕಮ್ಯುನಿಸ್ಟರೊಡನೆ ಅಲ್ಲ. 1936ರಿಂದ 1947ರವರೆಗೆ ತಿರುವಾಂಕೂರಿನ ದಿವಾನರಾಗಿದ್ದ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರು 1945ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಸರ್ಕಾರದ ವಶಕ್ಕೆ ತರುವ ಯೋಜನೆಯನ್ನು ಮುಂದಿಟ್ಟರು. ಚಂಗನಾಶ್ಶೇರಿಯ ಧರ್ಮಾಧ್ಯಕ್ಷ ಮಾರ್ ಜೇಮ್ಸ್ ಕಾಳಾಶ್ಶೇರಿ ಅವರು ಇದನ್ನು ವಿರೋಧಿಸಿ ಪಾಲನಾ ಪತ್ರವನ್ನು ಹೊರಡಿಸಿದರು. ಸರ್ಕಾರದ ಒತ್ತಡಕ್ಕೆ ಅವರು ಮಣಿಯಲಿಲ್ಲ. ಮರುವರ್ಷವೇ ಪುನ್ನಪ್ರ ವಯಲಾರಿನಲ್ಲಿ ಕಮ್ಯುನಿಸ್ಟರ ನೇತೃತ್ವದ ಕಾರ್ಮಿಕರ ಬಂಡಾಯವನ್ನು ಸೈನ್ಯಬಲದಿಂದ ಅಡಗಿಸಿದವರು ಇದೇ ದಿವಾನರು. ಕಮ್ಯುನಿಸಂನ ಕಡುವಿರೋಧಿಯಾದ ಆಡಳಿತಗಾರನನ್ನೂ ಶಾಲೆಯ ಪ್ರಶ್ನೆ ಬಂದಾಗ ಧರ್ಮಸಭೆ ಎದುರಿಸಿತು. 1957ರ ನಂತರದ ಘಟನೆಗಳನ್ನು ಕೇವಲ ಆಸ್ತಿಕತೆ ಮತ್ತು ನಾಸ್ತಿಕತೆಗಳ ಹೋರಾಟವೆಂದು ನೋಡುವವರು ಈ ಪೂರ್ವಪ್ರಸಂಗವನ್ನು ಮರೆಯುವಂತಿಲ್ಲ.

ಸಿದ್ಧಾಂತದ ನಿಷೇಧ

ಆದಾಗ್ಯೂ ಸಿದ್ಧಾಂತದ ಪಾತ್ರವನ್ನು ಅಲ್ಲಗಳೆಯಲಾಗದು. 1891ರಲ್ಲಿ ಹದಿಮೂರನೆಯ ಲಿಯೋ ಅವರ ‘ರೇರುಂ ನೊವಾರುಂ’ ಪರಿಪತ್ರವು ಕಾರ್ಮಿಕರ ಹಕ್ಕುಗಳನ್ನು ಎತ್ತಿಹಿಡಿಯುತ್ತಲೇ ಖಾಸಗಿ ಆಸ್ತಿಯನ್ನು ಸ್ವಾಭಾವಿಕ ಹಕ್ಕೆಂದು ಸಾರಿತ್ತು. 1937ರಲ್ಲಿ ಹನ್ನೊಂದನೆಯ ಪಿಯುಸ್ ಅವರು ‘ದಿವೀನಿ ರೆದೆಂಪ್ತೋರಿಸ್’ ಪರಿಪತ್ರದಲ್ಲಿ ನಾಸ್ತಿಕ ಕಮ್ಯುನಿಸಂ ಅನ್ನು ಖಂಡಿಸಿದರು. 1949ರ ಜುಲೈ 1ರ ರೋಮಿನ ಆದೇಶವು ಇನ್ನೂ ಮುಂದೆ ಹೋಯಿತು. ಕಮ್ಯುನಿಸ್ಟ್ ಪಕ್ಷವನ್ನು ಸೇರುವ ಅಥವಾ ತಿಳಿದೂ ತಿಳಿದು ಅದಕ್ಕೆ ನೆರವಾಗುವ ಕಥೋಲಿಕರಿಗೆ ಸಂಸ್ಕಾರಗಳನ್ನು ನೀಡಲಾಗದೆಂದೂ, ಅದರ ಭೌತವಾದಿ ತತ್ತ್ವವನ್ನು ಪ್ರತಿಪಾದಿಸುವವರು ಬಹಿಷ್ಕೃತರೆಂದೂ ಅದು ಘೋಷಿಸಿತು.

ಈ ಆದೇಶದ ಭಾರ ಎಷ್ಟೆಂಬುದು ತಿಳಿಯಬೇಕಾದರೆ ಕೇರಳದ ಇಗರ್ಜಿಯ ಅಂಗಳವನ್ನು ನೋಡಬೇಕು. ಹುಟ್ಟಿದ ಮಗುವಿನ ಜ್ಞಾನಸ್ನಾನ, ಮಗಳ ಮದುವೆ, ತಂದೆಯ ಶವಸಂಸ್ಕಾರ ಎಲ್ಲವೂ ಅಲ್ಲಿಯೇ ನಡೆಯಬೇಕು. ಧರ್ಮಸಭೆಯಿಂದ ಹೊರಗಾದವನ ಹೆಣಕ್ಕೆ ಸ್ಮಶಾನದ ಮೂಲೆಯಲ್ಲಿ, ಆಶೀರ್ವಾದವಿಲ್ಲದ ನೆಲದಲ್ಲಿ ತೋಡುವ ಗುಂಡಿಗೆ ಮಲಯಾಳದಲ್ಲಿ ‘ತೆಮ್ಮಾಡಿಕ್ಕುಳಿ’ ಎಂದು ಹೆಸರು. ಪೋಕರಿಯ ಗುಂಡಿ ಎಂದು ಅದರ ಅರ್ಥ. ಪಕ್ಷದ ಸದಸ್ಯತ್ವದ ಬೆಲೆಯನ್ನು ತೆರಬೇಕಾದವನು ಸದಸ್ಯನೊಬ್ಬನೇ ಅಲ್ಲ. ಅವನ ತಾಯಿ, ಹೆಂಡತಿ, ಮದುವೆಗೆ ನಿಂತ ತಂಗಿಯೂ ಹೌದು. ಇಷ್ಟಾದರೂ ಕಥೋಲಿಕ ಮನೆತನಗಳಿಂದ ಕಮ್ಯುನಿಸ್ಟ್ ಪಕ್ಷದ ಕಡೆಗೆ ಹೋದವರಿದ್ದರು. ಅವರು ಸಂಖ್ಯೆಯಲ್ಲಿ ಕಡಿಮೆಯಾಗಿರಬಹುದು. ಆದರೆ ಅವರ ಇರುವಿಕೆಯೇ ಆಜ್ಞೆ ಮತ್ತು ಪಾಲನೆಯ ಸರಳ ಸೂತ್ರವನ್ನು ಪ್ರಶ್ನಿಸುತ್ತದೆ.

ಶಿಕ್ಷಣ ಮಸೂದೆ

1957ರ ಚುನಾವಣೆಯಲ್ಲಿ 126 ಸ್ಥಾನಗಳ ವಿಧಾನಸಭೆಯಲ್ಲಿ ಕಮ್ಯುನಿಸ್ಟ್ ಪಕ್ಷ 60 ಸ್ಥಾನಗಳನ್ನು ಗಳಿಸಿತು. ಐವರು ಪಕ್ಷೇತರರ ಬೆಂಬಲದೊಡನೆ ಏಪ್ರಿಲ್ 5ರಂದು ಸರ್ಕಾರ ರಚನೆಯಾಯಿತು. ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಕೆಲವೇ ದಿನಗಳಲ್ಲಿ ಹೊರಬಿತ್ತು. ಜುಲೈ ತಿಂಗಳಲ್ಲಿ ಶಿಕ್ಷಣ ಮಸೂದೆ ಬಂದಿತು. ಅದನ್ನು ಮಂಡಿಸಿದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಅವರು ಸ್ವತಃ ತ್ರಿಶ್ಶೂರಿನ ಕಥೋಲಿಕ ಮನೆತನದವರು, ಮಲಯಾಳದ ಅಗ್ರಗಣ್ಯ ವಿಮರ್ಶಕರು. ಅಲ್ಲಿನ ಸೇಂಟ್ ತೋಮಸ್ ಕಾಲೇಜಿನಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಅವರಿಗೆ ಖಾಸಗಿ ಆಡಳಿತದ ಒಳಹೊರಗು ಅನುಭವದಿಂದಲೇ ತಿಳಿದಿತ್ತು.

ಮಸೂದೆಯ ಮುಖ್ಯ ಅಂಶಗಳು ಇವು: ಅನುದಾನಿತ ಶಾಲೆಗಳ ಅಧ್ಯಾಪಕರಿಗೆ ಸರ್ಕಾರವೇ ನೇರವಾಗಿ ಸಂಬಳ ಕೊಡುವುದು, ಲೋಕಸೇವಾ ಆಯೋಗ ಸಿದ್ಧಪಡಿಸಿದ ಪಟ್ಟಿಯಿಂದಲೇ ಅಧ್ಯಾಪಕರನ್ನು ನೇಮಿಸಿಕೊಳ್ಳಬೇಕೆಂಬ 11ನೆಯ ಕಲಮು, ಕರ್ತವ್ಯಲೋಪವಾದಲ್ಲಿ ಶಾಲೆಯ ಆಡಳಿತವನ್ನು ಸರ್ಕಾರ ವಹಿಸಿಕೊಳ್ಳಬಹುದೆಂಬ 14 ಮತ್ತು 15ನೆಯ ಕಲಮುಗಳು. ಪೂರ್ಣ ಸಂಬಳಕ್ಕೆ ರುಜು ಹಾಕಿಸಿಕೊಂಡು ಅದರಲ್ಲಿ ಒಂದು ಭಾಗವನ್ನು ವ್ಯವಸ್ಥಾಪಕರು ಹಿಡಿದಿಟ್ಟುಕೊಳ್ಳುತ್ತಾರೆಂಬ ದೂರು ಆ ಕಾಲದಲ್ಲಿ ವ್ಯಾಪಕವಾಗಿತ್ತು. ಆದ್ದರಿಂದ ಮಸೂದೆಯು ಕಥೋಲಿಕ ಸಮುದಾಯದ ಒಳಗೇ ಒಂದು ಗೆರೆಯನ್ನು ಎಳೆಯಿತು. ಶಾಲೆಯನ್ನು ನಡೆಸುವ ಪಾದ್ರಿಯೂ ಕಥೋಲಿಕ, ಅಲ್ಲಿ ಕಲಿಸುವ ಮೇಷ್ಟ್ರೂ ಬಹುಪಾಲು ಕಥೋಲಿಕ. ಭಾನುವಾರ ಒಂದೇ ಪೂಜೆಯಲ್ಲಿ ಮೊಣಕಾಲೂರುವ ಇಬ್ಬರಿಗೂ ಮಸೂದೆಯ ಅರ್ಥ ಒಂದೇ ಆಗಿರಲಿಲ್ಲ. ಸಮುದಾಯದ ಹಿತ ಎಂದಾಗ ಅದು ವ್ಯವಸ್ಥಾಪಕನ ಹಿತವೋ ಅಧ್ಯಾಪಕನ ಹಿತವೋ ಎಂಬ ಪ್ರಶ್ನೆ ಅಲ್ಲಿ ಎದ್ದಿತು.

ಸೆಪ್ಟೆಂಬರಿನಲ್ಲಿ ವಿಧಾನಸಭೆ ಅಂಗೀಕರಿಸಿದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಳುಹಿಸಿದರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರು ಸಂವಿಧಾನದ 143ನೆಯ ವಿಧಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠವು 1958ರ ಮೇ 22ರಂದು ನೀಡಿದ ಅಭಿಪ್ರಾಯ ಅಲ್ಪಸಂಖ್ಯಾತರ ಶಿಕ್ಷಣ ಹಕ್ಕಿನ ಚರ್ಚೆಗೆ ಇಂದಿಗೂ ಆಧಾರವಾಗಿದೆ. ಆಡಳಿತವನ್ನು ವಹಿಸಿಕೊಳ್ಳುವ ಕಲಮುಗಳು 30ನೆಯ ವಿಧಿಗೆ ವಿರುದ್ಧವೆಂದ ನ್ಯಾಯಾಲಯವು, ಅಧ್ಯಾಪಕರ ನೇಮಕಾತಿಯ 11ನೆಯ ಕಲಮನ್ನು ಹಿಂಜರಿಕೆಯಿಂದಲೇ ಒಪ್ಪಿತು. ಆಡಳಿತ ನಡೆಸುವ ಹಕ್ಕೆಂದರೆ ಕೆಟ್ಟ ಆಡಳಿತ ನಡೆಸುವ ಹಕ್ಕಲ್ಲ ಎಂಬ ತತ್ತ್ವ ಅಲ್ಲಿ ರೂಪುಗೊಂಡಿತು. ತಿದ್ದುಪಡಿಯಾದ ಮಸೂದೆಗೆ 1959ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕಾನೂನಿನ ದಾರಿ ಅಲ್ಲಿಗೆ ಮುಗಿಯಿತು. ಬೀದಿಯ ದಾರಿ ತೆರೆಯಿತು.

ವಿಮೋಚನಾ ಸಮರ

1959ರ ಜೂನ್ 12ರಂದು ಆರಂಭವಾದ ಸಮರವನ್ನು ಕಥೋಲಿಕರದೇ ಹೋರಾಟವೆಂದು ಕರೆಯುವುದು ಸರಿಯಲ್ಲ. ಅದರ ಮುಂದಾಳು ನಾಯರ್ ಸರ್ವೀಸ್ ಸೊಸೈಟಿಯ ಮನ್ನತ್ತು ಪದ್ಮನಾಭನ್. ಕಾಂಗ್ರೆಸ್, ಪ್ರಜಾ ಸೋಷಲಿಸ್ಟ್ ಪಕ್ಷ ಮತ್ತು ಮುಸ್ಲಿಂ ಲೀಗ್‌ಗಳು ಅದರಲ್ಲಿದ್ದವು. ಆದರೆ ಊರೂರುಗಳಲ್ಲಿ ಜನರನ್ನು ಕೂಡಿಸುವ ಸಿದ್ಧ ವ್ಯವಸ್ಥೆಯಿದ್ದದ್ದು ಧರ್ಮಕೇಂದ್ರಗಳಲ್ಲಿ. ತ್ರಿಶ್ಶೂರಿನ ಪಾದ್ರಿ ಜೋಸೆಫ್ ವಡಕ್ಕನ್ ಅವರ ಕಮ್ಯುನಿಸ್ಟ್ ವಿರೋಧಿ ರಂಗ, ಅವರ ‘ತೊಳಿಲಾಳಿ’ ಪತ್ರಿಕೆ, ‘ಕ್ರಿಸ್ಟೋಫರ್’ ಎಂಬ ಸ್ವಯಂಸೇವಕ ದಳ ಇವು ಸಮರದ ಬೆನ್ನೆಲುಬಾದವು. ಜೂನ್ 13ರಂದು ಅಂಗಮಾಲಿಯಲ್ಲಿ ನಡೆದ ಗೋಲಿಬಾರಿನಲ್ಲಿ ಏಳು ಮಂದಿ ಸತ್ತರು. ನಂತರ ತಿರುವನಂತಪುರದ ಕರಾವಳಿಯ ವೆಟ್ಟುಕಾಡು, ಪುಲ್ಲುವಿಳ ಮತ್ತು ಚೆರಿಯತುರ ಎಂಬ ಬೆಸ್ತರ ಊರುಗಳಲ್ಲಿಯೂ ಗುಂಡು ಹಾರಿತು. ಒಟ್ಟು ಹದಿನೈದು ಜನ ಪ್ರಾಣ ತೆತ್ತರು; ಚೆರಿಯತುರದಲ್ಲಿ ಸತ್ತವರಲ್ಲಿ ಗರ್ಭಿಣಿಯೊಬ್ಬಳಿದ್ದಳು.

ಅಂಗಮಾಲಿಯವರು ಸಿರಿಯನ್ ಕಥೋಲಿಕರು, ಕರಾವಳಿಯವರು ಲ್ಯಾಟಿನ್ ಕಥೋಲಿಕರು. ಬೇರೆ ವಿಷಯಗಳಲ್ಲಿ ದೂರವಿದ್ದ ಎರಡು ವರ್ಗಗಳು ಒಂದೇ ಹೋರಾಟದಲ್ಲಿ ಸತ್ತದ್ದು, ವಿಶ್ವಾಸದ ಕರೆಗೆ ಎಷ್ಟು ಬಲವಿತ್ತೆಂಬುದಕ್ಕೆ ಸಾಕ್ಷಿ. ಭೂಮಿಯ ಒಡೆತನವಿಲ್ಲದ, ಶಾಲೆಯ ಆಡಳಿತದಲ್ಲಿ ಪಾಲಿಲ್ಲದ ಬೆಸ್ತರು ಬೀದಿಗಿಳಿದುದನ್ನು ಆರ್ಥಿಕ ಹಿತದಿಂದ ಮಾತ್ರವೇ ವಿವರಿಸಲಾಗದು. ಹಾಗೆಯೇ, ಗುಂಡು ಹಾರಿಸಿದ್ದು ಬಡವರ ಹೆಸರಿನಲ್ಲಿ ಅಧಿಕಾರಕ್ಕೆ ಬಂದ ಸರ್ಕಾರವೆಂಬುದನ್ನೂ ಮರೆಯುವಂತಿಲ್ಲ.

ಜೂನ್ ತಿಂಗಳಲ್ಲಿಯೇ ವಿಧಾನಸಭೆ ಕೃಷಿ ಸಂಬಂಧ ಮಸೂದೆಯನ್ನು ಅಂಗೀಕರಿಸಿತು. ಭೂಮಾಲಿಕರ ಆತಂಕ ಹೆಚ್ಚಿತು. ಜುಲೈ 31ರಂದು ಕೇಂದ್ರವು 356ನೆಯ ವಿಧಿಯನ್ನು ಬಳಸಿ ಸರ್ಕಾರವನ್ನು ವಜಾ ಮಾಡಿತು. ಕೇರಳದ ಕಮ್ಯುನಿಸ್ಟರ ವಿರುದ್ಧ ಅಮೆರಿಕ ಕಾಂಗ್ರೆಸ್ ಪಕ್ಷಕ್ಕೆ ಹಣ ಒದಗಿಸಿತ್ತೆಂದು, 1973ರಿಂದ 1975ರವರೆಗೆ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರು ತಮ್ಮ ಪುಸ್ತಕದಲ್ಲಿ ಮುಂದೆ ಬರೆದರು. 1960ರ ಫೆಬ್ರವರಿಯ ಚುನಾವಣೆಯಲ್ಲಿ ಕಾಂಗ್ರೆಸ್ 63, ಪ್ರಜಾ ಸೋಷಲಿಸ್ಟರು 20, ಮುಸ್ಲಿಂ ಲೀಗ್ 11 ಸ್ಥಾನಗಳನ್ನು ಪಡೆದವು. ಕಮ್ಯುನಿಸ್ಟರು 29ಕ್ಕೆ ಇಳಿದರು. ಆದರೆ ಅವರ ಮತಪ್ರಮಾಣ ಸುಮಾರು ಶೇಕಡಾ 35ರಿಂದ 39ಕ್ಕೆ ಏರಿತು. ಸಮರವು ಸರ್ಕಾರವನ್ನು ಉರುಳಿಸಿತೇ ಹೊರತು ಪಕ್ಷದ ನೆಲೆಯನ್ನು ಕರಗಿಸಲಿಲ್ಲ. ಮುಂಡಶ್ಶೇರಿ ಸೋತರು. ನೇಮಕಾತಿಯ ಕಲಮನ್ನು ಹೊಸ ಸರ್ಕಾರ ಕೈಬಿಟ್ಟಿತು. ನೇರ ಸಂಬಳದ ಪದ್ಧತಿ ಮಾತ್ರ ಉಳಿಯಿತು. ಸಂಬಳ ಸರ್ಕಾರದ್ದು, ನೇಮಕ ವ್ಯವಸ್ಥಾಪಕರದು ಎಂಬ ಅನುದಾನಿತ ಶಾಲೆಗಳ ಇಂದಿನ ವ್ಯವಸ್ಥೆಯ ಮೂಲ ಈ ರಾಜಿಯಲ್ಲಿದೆ.

ಅಮರಾವತಿಯ ತಿರುವು

ಪಕ್ಷನಿಷ್ಠೆಯ ದೃಷ್ಟಿಯಿಂದ ಅತ್ಯಂತ ಮಹತ್ವದ ಘಟನೆ ನಡೆದದ್ದು ಸಮರ ಗೆದ್ದ ಎರಡೇ ವರ್ಷಗಳಲ್ಲಿ. ಎರಡನೆಯ ಮಹಾಯುದ್ಧದ ಕಾಲದ ಆಹಾರದ ಅಭಾವದಲ್ಲಿ ಬೆಟ್ಟಪ್ರದೇಶಗಳಿಗೆ ಹೋಗಿ ಸಾಗುವಳಿ ಮಾಡಲು ತಿರುವಾಂಕೂರು ಸರ್ಕಾರವೇ ರೈತರನ್ನು ಪ್ರೋತ್ಸಾಹಿಸಿತ್ತು. ಹಾಗೆ ಹೋದವರಲ್ಲಿ ಕಥೋಲಿಕರು ಬಹಳ ಮಂದಿ. 1961ರ ಮೇ ತಿಂಗಳಲ್ಲಿ, ಇಡುಕ್ಕಿ ಜಲವಿದ್ಯುತ್ ಯೋಜನೆಗಾಗಿ ಅಯ್ಯಪ್ಪನ್‌ಕೋವಿಲಿನಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿ ಕುಮಳಿಯ ಬಳಿಯ ಅಮರಾವತಿಯಲ್ಲಿ ತಂದುಬಿಡಲಾಯಿತು. ಮಳೆಗಾಲ ಎದುರಿಗಿತ್ತು, ಸರಿಯಾದ ಸೂರು ಇರಲಿಲ್ಲ. ಎಬ್ಬಿಸಿದ ಸರ್ಕಾರ ವಿಮೋಚನಾ ಸಮರದಿಂದ ಅಧಿಕಾರಕ್ಕೆ ಬಂದ ಸರ್ಕಾರವೇ ಆಗಿತ್ತು.

ಅವರ ಪರವಾಗಿ ಅಮರಾವತಿಗೆ ಬಂದು ಉಪವಾಸ ಕೂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ಅವರೊಡನೆ ಒಂದೇ ವೇದಿಕೆಯಲ್ಲಿ ನಿಂತವರು ಎರಡು ವರ್ಷಗಳ ಹಿಂದೆ ಕಮ್ಯುನಿಸ್ಟ್ ಸರ್ಕಾರವನ್ನು ಉರುಳಿಸಲು ಹೋರಾಡಿದ ಪಾದ್ರಿ ವಡಕ್ಕನ್. ವಡಕ್ಕನ್ ತಮ್ಮ ವಿಶ್ವಾಸವನ್ನು ಬಿಡಲಿಲ್ಲ, ಗೋಪಾಲನ್ ತಮ್ಮ ಸಿದ್ಧಾಂತವನ್ನು ಬಿಡಲಿಲ್ಲ. ನೆಲ ಕಳೆದುಕೊಂಡ ರೈತರ ಸಂಕಟ ಇಬ್ಬರನ್ನೂ ಹತ್ತಿರ ತಂದಿತು. ಮುಂದೆ ವಡಕ್ಕನ್ ಮತ್ತು ಬಿ. ವೆಲ್ಲಿಂಗ್ಟನ್ ಅವರ ಕರ್ಷಕ ತೊಳಿಲಾಳಿ ಪಕ್ಷವು 1967ರಲ್ಲಿ ಇ.ಎಂ.ಎಸ್. ನೇತೃತ್ವದ ಸಪ್ತಪಕ್ಷ ರಂಗದಲ್ಲಿ ಸೇರಿತು. ವೆಲ್ಲಿಂಗ್ಟನ್ ಆರೋಗ್ಯ ಮಂತ್ರಿಯಾದರು.

ಈ ನಡುವೆ ರೋಮಿನಲ್ಲೂ ಗಾಳಿ ಬದಲಾಗಿತ್ತು. 1963ರಲ್ಲಿ ಇಪ್ಪತ್ತಮೂರನೆಯ ಜಾನ್ ಅವರ ‘ಪಾಚೆಂ ಇನ್ ತೆರ್ರಿಸ್’ ಪರಿಪತ್ರವು ತಪ್ಪು ತತ್ತ್ವಗಳನ್ನೂ ಅವುಗಳಿಂದ ಹುಟ್ಟಿದ ಐತಿಹಾಸಿಕ ಚಳವಳಿಗಳನ್ನೂ ಬೇರೆಯಾಗಿ ನೋಡಬೇಕೆಂದಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆ ಯಾವುದೇ ರಾಜಕೀಯ ವ್ಯವಸ್ಥೆಗೆ ಕಟ್ಟುಬಿದ್ದಿಲ್ಲವೆಂದೂ, ಲೌಕಿಕ ವಿಷಯಗಳಲ್ಲಿ ಭಕ್ತರು ಪ್ರಾಮಾಣಿಕವಾಗಿ ಭಿನ್ನಾಭಿಪ್ರಾಯ ಹೊಂದಬಹುದೆಂದೂ ಸಾರಿತು. ಅಮರಾವತಿಯಲ್ಲಿ ಅನುಭವ ಕಲಿಸಿದ್ದನ್ನು ಮಹಾಸಭೆ ನಾಲ್ಕು ವರ್ಷಗಳ ನಂತರ ತತ್ತ್ವವಾಗಿ ನುಡಿಯಿತೆಂದರೆ ಅತಿಶಯೋಕ್ತಿಯಾಗದು.

ಕೇರಳ ಕಾಂಗ್ರೆಸ್

ಇನ್ನೊಂದು ಬಿರುಕು ಕಾಂಗ್ರೆಸ್ಸಿನೊಳಗೇ ಕಾಣಿಸಿಕೊಂಡಿತು. ವಿಮೋಚನಾ ಸಮರದ ಕಾಲದ ಪ್ರತಿಪಕ್ಷ ನಾಯಕ, ನಂತರ ಗೃಹಮಂತ್ರಿಯಾದ ಪಿ.ಟಿ. ಚಾಕೊ ಅವರು 1964ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು; ಆಗಸ್ಟ್ 1ರಂದು ತೀರಿಕೊಂಡರು. ಅವರಿಗೆ ಅನ್ಯಾಯವಾಯಿತೆಂದು ನಂಬಿದ ಹದಿನೈದು ಕಾಂಗ್ರೆಸ್ ಶಾಸಕರು ಕೆ.ಎಂ. ಜಾರ್ಜ್ ನೇತೃತ್ವದಲ್ಲಿ ಸೆಪ್ಟೆಂಬರಿನಲ್ಲಿ ಆರ್. ಶಂಕರ್ ಅವರ ಸರ್ಕಾರದ ವಿರುದ್ಧ ಮತ ಹಾಕಿದರು, ಸರ್ಕಾರ ಬಿದ್ದಿತು. ಅಕ್ಟೋಬರ್ 9ರಂದು ಕೊಟ್ಟಾಯಂನಲ್ಲಿ ಕೇರಳ ಕಾಂಗ್ರೆಸ್ ಉದಯವಾಯಿತು. ಅದಕ್ಕೆ ಹೆಸರಿಟ್ಟು ಹರಸಿದವರು ಮನ್ನತ್ತು ಪದ್ಮನಾಭನ್.

ಈ ಪಕ್ಷವನ್ನು ಕಥೋಲಿಕರ ಪಕ್ಷವೆನ್ನುವುದು ರೂಢಿ. ಆದರೆ ಅದರ ಸ್ಥಾಪಕರಲ್ಲಿ ಆರ್. ಬಾಲಕೃಷ್ಣ ಪಿಳ್ಳೆಯವರಂತಹ ನಾಯರರೂ ಇದ್ದರು. ಮಧ್ಯ ತಿರುವಾಂಕೂರಿನ ಸಿರಿಯನ್ ಕ್ರೈಸ್ತ ರೈತರ ಬಲವೇ ಅದರ ಮುಖ್ಯ ಆಧಾರವಾಗಿದ್ದರೂ, ಅದರ ಭಾಷೆ ದೇವಶಾಸ್ತ್ರದ್ದಲ್ಲ. ರಬ್ಬರಿನ ಬೆಲೆ, ಬೆಟ್ಟದ ಭೂಮಿಯ ಪಟ್ಟೆ, ಕೃಷಿ ಸಾಲಗಳ ಭಾಷೆ. 1969ರಲ್ಲಿ ಸಿ. ಅಚ್ಯುತ ಮೇನೋನ್ ಅವರ ಸರ್ಕಾರದಲ್ಲಿ, ಅಂದರೆ ಕಮ್ಯುನಿಸ್ಟ್ ಮುಖ್ಯಮಂತ್ರಿಯ ಕೈಕೆಳಗೆ, ಈ ಪಕ್ಷ ಪಾಲ್ಗೊಂಡಿತು. 1979ರಲ್ಲಿ ಕೆ.ಎಂ. ಮಾಣಿ ಮತ್ತು ಪಿ.ಜೆ. ಜೋಸೆಫ್ ಬಣಗಳಾಗಿ ಒಡೆಯಿತು. ಇಬ್ಬರು ನಾಯಕರೂ ಒಂದೇ ಸಮುದಾಯದವರು. ಆದರೂ ಮಾಣಿಯವರು 1980ರಲ್ಲಿ ಇ.ಕೆ. ನಾಯನಾರ್ ಅವರ ಎಡರಂಗ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು. ಬೆಳೆದಂತೆ ಒಡೆಯುವ, ಒಡೆದಂತೆ ಬೆಳೆಯುವ ಪಕ್ಷ ಇದೆಂಬ ಮಾಣಿಯವರ ಚಟಾಕಿ ಪ್ರಸಿದ್ಧ. 2020ರಲ್ಲಿ ಅವರ ಮಗನ ನೇತೃತ್ವದ ಬಣ ಮತ್ತೆ ಎಡರಂಗವನ್ನು ಸೇರಿತು.

ಇದಕ್ಕೆ ಹೋಲಿಸಿದರೆ ನೆರೆಯ ದಕ್ಷಿಣ ಕನ್ನಡದ ಕೊಂಕಣಿ ಕಥೋಲಿಕರಲ್ಲಿ ಇಂತಹ ಪಕ್ಷ ಹುಟ್ಟಲಿಲ್ಲ. ಪಾದ್ರಿಯಾಗಲು ಬೆಂಗಳೂರಿನ ಗುರುಮಠಕ್ಕೆ ಹೋಗಿ, ಅದನ್ನು ತೊರೆದು ಸಮಾಜವಾದಿಯಾದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರು ತಮ್ಮ ರಾಜಕೀಯ ನೆಲೆಯನ್ನು ಮುಂಬಯಿಯ ಕಾರ್ಮಿಕರಲ್ಲಿಯೂ ಬಿಹಾರದ ಮತದಾರರಲ್ಲಿಯೂ ಕಂಡುಕೊಂಡರು. ಜನಸಂಖ್ಯೆಯ ಪ್ರಮಾಣ, ಸಂಘಟಿತ ಶಾಲಾ ಸಂಘರ್ಷ ಮತ್ತು ವಿಸ್ತಾರವಾದ ರೈತ ನೆಲೆ ಈ ಮೂರೂ ಒಟ್ಟುಗೂಡಿದಲ್ಲಿ ಮಾತ್ರ ಸಮುದಾಯದ ಪಕ್ಷ ಸಾಧ್ಯವಾಗುತ್ತದೆಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ನಂತರದ ವರ್ಷಗಳು

ಹಳೆಯ ಪ್ರಶ್ನೆಗಳು ಹೊಸ ರೂಪದಲ್ಲಿ ಮರಳಿ ಬಂದವು. 2006ರ ಸ್ವಾಶ್ರಯ ಕಾಲೇಜುಗಳ ಕಾಯಿದೆ, 2008ರ ಏಳನೆಯ ತರಗತಿಯ ಸಮಾಜಪಾಠ ಇವೆರಡೂ ಎಡರಂಗ ಸರ್ಕಾರವನ್ನೂ ಧರ್ಮಾಧ್ಯಕ್ಷರನ್ನೂ ಎದುರುಬದುರು ನಿಲ್ಲಿಸಿದವು. 2006ರಲ್ಲಿ ತೀರಿಕೊಂಡ ಮಾರ್ಕ್ಸ್‌ವಾದಿ ಶಾಸಕ ಮತ್ತಾಯಿ ಚಾಕೊ ಅವರು ಕೊನೆಗಾಲದಲ್ಲಿ ಅಂತಿಮ ಸಂಸ್ಕಾರ ಸ್ವೀಕರಿಸಿದ್ದರೇ ಇಲ್ಲವೇ ಎಂಬ ಬಗ್ಗೆ ಮರುವರ್ಷ ಪಕ್ಷಕ್ಕೂ ಧರ್ಮಾಧ್ಯಕ್ಷರಿಗೂ ಕಟುವಾದ ವಾಗ್ವಾದ ನಡೆಯಿತು. ಒಂದು ಕಾಲದಲ್ಲಿ ಕಮ್ಯುನಿಸ್ಟನ ಹೆಣವನ್ನು ಹೊರಗಿಡುವುದು ಧರ್ಮಸಭೆಯ ನಿಲುವಾಗಿತ್ತು. ಈಗ ಅವನು ತನ್ನವನೇ ಆಗಿದ್ದನೆಂದು ಹೇಳುವುದು ಅದರ ನಿಲುವಾಯಿತು.

2014ರಲ್ಲಿ ಪಶ್ಚಿಮ ಘಟ್ಟಗಳ ಕುರಿತ ಗಾಡ್ಗೀಳ್ ಮತ್ತು ಕಸ್ತೂರಿರಂಗನ್ ವರದಿಗಳ ವಿರುದ್ಧ ಎದ್ದ ಅಸಮಾಧಾನ ಕೊಡಗು, ಮಲೆನಾಡುಗಳಂತೆ ಇಡುಕ್ಕಿಯಲ್ಲೂ ತೀವ್ರವಾಗಿತ್ತು. ಧರ್ಮಪ್ರಾಂತ್ಯದ ಒಲವಿದ್ದ ಹೈರೇಂಜ್ ಸಂರಕ್ಷಣ ಸಮಿತಿಯ ಜಾಯ್ಸ್ ಜಾರ್ಜ್ ಅವರು ಎಡರಂಗದ ಬೆಂಬಲದೊಡನೆ ಅಲ್ಲಿಂದ ಲೋಕಸಭೆಗೆ ಗೆದ್ದರು. ಅಮರಾವತಿಯ ಪಾಠವೇ ಇಲ್ಲಿ ಪುನರಾವರ್ತನೆಯಾಯಿತು. 2024ರಲ್ಲಿ ಕಥೋಲಿಕರು ಗಣನೀಯವಾಗಿರುವ ತ್ರಿಶ್ಶೂರಿನಿಂದ ಭಾರತೀಯ ಜನತಾ ಪಕ್ಷ ಕೇರಳದಲ್ಲಿ ತನ್ನ ಮೊದಲ ಲೋಕಸಭಾ ಸ್ಥಾನವನ್ನು ಗೆದ್ದುದು, ಯಾವ ನಿಷ್ಠೆಯನ್ನೂ ಶಾಶ್ವತವೆಂದು ಎಣಿಸಲಾಗದೆಂಬುದನ್ನು ಮತ್ತೊಮ್ಮೆ ನೆನಪಿಸಿತು.

ಉಪಸಂಹಾರ

ಕೇರಳದ ಅನುಭವದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವಿಶ್ವಾಸದ ಕರೆ ಸಂಕಟದ ಗಳಿಗೆಯಲ್ಲಿ ಅಪಾರ ಶಕ್ತಿಯನ್ನು ಪಡೆಯುತ್ತದೆ. 1959ರಲ್ಲಿ ಸತ್ತವರು ಅದಕ್ಕೆ ಸಾಕ್ಷಿ. ಎರಡನೆಯದಾಗಿ, ಆ ಶಕ್ತಿ ವಿರೋಧಕ್ಕೆ ಒದಗುವಷ್ಟು ಸುಲಭವಾಗಿ ನಿಷ್ಠೆಗೆ ಒದಗುವುದಿಲ್ಲ. ಗೆಲ್ಲಿಸಿದ ಸರ್ಕಾರವನ್ನು ಅದೇ ಸಮುದಾಯದ ಶಾಸಕರು ನಾಲ್ಕೂವರೆ ವರ್ಷಗಳಲ್ಲಿ ಕೆಡವಿದರು. ಮೂರನೆಯದಾಗಿ, ಸಮುದಾಯದ ಹೆಸರಿನಲ್ಲಿ ಮಾತನಾಡುವವರ ಹಿತವೂ ಸಮುದಾಯದ ಬಡವರ ಹಿತವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಶಾಲೆಯ ಮೇಷ್ಟ್ರು, ಚೆರಿಯತುರದ ಬೆಸ್ತ, ಅಮರಾವತಿಯ ರೈತ ಮೂವರೂ ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರು. ಆದರೆ ಚುನಾವಣೆಯ ದಿನ ಅವರ ಮುಂದಿದ್ದ ಪ್ರಶ್ನೆಗಳು ಬೇರೆ ಬೇರೆ. ಕಥೋಲಿಕರ ಮತವನ್ನು ಒಂದು ಗಂಟಾಗಿ ನೋಡುವ ಇತಿಹಾಸವು ಈ ಮೂವರನ್ನೂ ಕಾಣದೆ ಹೋಗುತ್ತದೆ.